ಪ್ರಾಯದ ಕಾಲಂ

ಫಾರ್ಮಿನಲ್ಲಿ ಹೆಸರು ನೋಡಬಾರದು ಅಂತ
ಕೆಲಸಕ್ಕೆ ಸೇರಿದ ವಾರವೇ ನನಗೆ ನಾನೇ ಹಾಕಿಕೊಂಡ ಕಟ್ಟಳೆ.
ನಂಬ್ರ ನೋಡುತ್ತೇನೆ. ಯಾವ ಅಂಗ, ನೋಡುತ್ತೇನೆ.
ಪ್ರಾಯ ಮಾತ್ರ ತಾನಾಗಿ ಕಣ್ಣಿಗೆ ಬೀಳುತ್ತದೆ.

ಹನ್ನೊಂದು ವರ್ಷದ ಹಿಂದೆ ದೊಡ್ಡ ಕರುಳು ಎಂದರೆ
ಅರುವತ್ತೆಂಟು, ಎಪ್ಪತ್ತೊಂದು, ಎಪ್ಪತ್ತಾರು.
ಈ ಮಳೆಗಾಲದಲ್ಲಿ
ನಲುವತ್ತೆರಡು. ಮೂವತ್ತೇಳು.
ಒಮ್ಮೆ ಇಪ್ಪತ್ತೊಂಬತ್ತು ಇತ್ತು; ಎರಡು ಮತ್ತು ಒಂಬತ್ತು
ಅದಲುಬದಲಾಗಿರಬೇಕೆಂದು ವಾರ್ಡಿಗೆ ಫೋನ್ ಮಾಡಿದೆ.
ಆಗಿರಲಿಲ್ಲ.

ಕಂಕನಾಡಿಯ ಈ ನೆಲಮಾಳಿಗೆಯಲ್ಲಿ
ಫಾರ್ಮಲಿನ್ ವಾಸನೆ ನನ್ನ ಚೂಡಿದಾರಕ್ಕೂ
ಬುತ್ತಿಯ ಕುಚ್ಚಲಕ್ಕಿ ಅನ್ನಕ್ಕೂ ಹತ್ತಿದೆ.
ಮೇಣದ ಗಟ್ಟಿಯನ್ನು ಪದರ ಪದರವಾಗಿ ಕೊಯ್ದು
ಬಿಸಿನೀರಿಗೆ ತೇಲಿಬಿಡುತ್ತೇನೆ,
ಹಾಲಿನ ಕೆನೆಗಿಂತ ತೆಳು, ಉಸಿರು ತಾಗಿದರೆ ಮಡಚಿಕೊಳ್ಳುತ್ತದೆ.
ಆಮೇಲೆ ಬಣ್ಣ. ಒಂದು ನೀಲಿ, ಒಂದು ಗುಲಾಬಿ.
ಇಷ್ಟೇ ನಮ್ಮಲ್ಲಿರುವುದು.
‘ಏನು’ ಎಂಬುದಕ್ಕೆ ಬಣ್ಣ ಹತ್ತುತ್ತದೆ.
‘ಯಾಕೆ’ ಎಂಬುದಕ್ಕೆ ಹತ್ತುವುದಿಲ್ಲ.

ಮೊನ್ನೆ ಗುರುವಾರ ಮೂವತ್ತಮೂರು.
ಕಿಟಕಿಯಲ್ಲಿ ಡಬ್ಬಿ ಕೊಟ್ಟ ಹೆಂಗಸು
ಹೆಸರನ್ನು ಬಾಯಿಬಿಟ್ಟು ಹೇಳಿಯೇಬಿಟ್ಟರು: ಹರಿಣಾಕ್ಷ.
ಸುರತ್ಕಲ್ ಬಸ್ಸಿನ ಕಂಡಕ್ಟರ್.
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಒಂದು,
“ಲಾಲ್‌ಬಾಗ್ ಲಾಲ್‌ಬಾಗ್ ಲೇಡಿಹಿಲ್, ಬೇಗ ಬೇಗ ಮಾರ್ರೆ.”
ನನ್ನ ಎರಡು ರೂಪಾಯಿ ಬಾಕಿಯನ್ನು
ಮರುದಿನ ನೆನಪಿಟ್ಟು ಕೊಟ್ಟವನು.

ಡಾಕ್ಟರುಗಳು ಕ್ಯಾಂಟೀನಿನಲ್ಲಿ ಮಾತಾಡುತ್ತಾರೆ:
ಕೂತೇ ಇರುವ ಕೆಲಸ ಇರಬಹುದು. ತೂಕ ಇರಬಹುದು.
ಪ್ಯಾಕೆಟ್ಟಿನ ತಿಂಡಿ, ಸಿಹಿ ಸೋಡ.
ಎಳವೆಯಲ್ಲೇ ಕರುಳಿನ ಯಾವುದೋ ಜೀವಾಣು
ಗೀರಿ ಇಟ್ಟ ಗುರುತೂ ಇರಬಹುದು.
ಇರಬಹುದು, ಇರಬಹುದು,
ಚಹಾ ಆರುವವರೆಗೆ.

ಹರಿಣಾಕ್ಷ ಕೂತದ್ದನ್ನು ನಾನು ನೋಡಿಯೇ ಇಲ್ಲ.
ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇದ್ದ.
ಕಡ್ಡಿಯಂತಿದ್ದ.
ಸ್ಟೇಟ್‌ಬ್ಯಾಂಕಿನಲ್ಲಿ ಟ್ರಿಪ್ಪಿನ ನಡುವೆ ಸಿಕ್ಕಿದ ಮೂರು ನಿಮಿಷಕ್ಕೆ
ಗೋಳಿಬಜೆಯೋ ಕಕ್ಕಸೋ, ಎರಡರಲ್ಲಿ ಒಂದು.
ಹೆಚ್ಚಾಗಿ ಗೋಳಿಬಜೆ.

ರಕ್ತ ಕಂಡದ್ದು ಹೋದ ದೀಪಾವಳಿಗಂತೆ.
ಮೂಲವ್ಯಾಧಿ ಮಾರಾಯ, ಬಸ್ಸಿನವರಿಗೆಲ್ಲ ಇರುವುದೇ, ಎಂದ ಡ್ರೈವರ್.
ಈ ಪ್ರಾಯಕ್ಕೆ ಬೇರೆಂತ ಬರ್ತದೆ, ಎಂದ ಮೆಡಿಕಲ್ಲಿನವ
ಮುಲಾಮಿನ ಟ್ಯೂಬು ಕೊಟ್ಟ.
ಒಂಬತ್ತು ತಿಂಗಳು. ಒಂಬತ್ತು ಟ್ಯೂಬು.

ಇದನ್ನೆಲ್ಲ ಹೇಳಿದ್ದು ತಾಯಿ, ಲೋಲಾಕ್ಷಿಯಕ್ಕ,
ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳನ್ನು
ಕಿಟಕಿಯ ಅಂಚಿನ ಮೇಲಿಟ್ಟು.
ಹೊರಟವರು ತಿರುಗಿ ಬಂದು, ತುಳುವಿನಲ್ಲಿ, ಮೆಲ್ಲ:
“ಸಣ್ಣವನಿರುವಾಗ ಅವನಿಗೆ ತಿಂಗಳಿಗೊಮ್ಮೆ ಜ್ವರ.
ಆ ಗುಲಾಬಿ ಸಿರಪ್ಪು ಉಂಟಲ್ಲ,
ಬೀಡಿ ಲೆಕ್ಕ ಕೊಡುವ ಶನಿವಾರ ತಪ್ಪಬಾರದೂಂತ,
ಬೇಗ ಗುಣ ಆಗಲೀಂತ,
ಒಂದು ಮುಚ್ಚಳ ಹೆಚ್ಚೇ ಕುಡಿಸುತ್ತಿದ್ದೆ.
ಅದರಿಂದ ಆದದ್ದಾ?”

ಅದೂ ಕ್ಯಾಂಟೀನಿನ ‘ಇರಬಹುದು’ಗಳಲ್ಲಿ ಒಂದು.

“ಅತ್ತ್” ಎಂದೆ. ಅಲ್ಲವೇ ಅಲ್ಲ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯಬೇಕಾದ ಜಾಗದಲ್ಲಿ ಕೂತು
ಹನ್ನೊಂದು ವರ್ಷದಲ್ಲಿ ನಾನು ಕೊಟ್ಟ
ಮೊದಲ ಸುಳ್ಳು ರಿಪೋರ್ಟು.
ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು
ರಶೀದಿ ಮರೆತು ಹೋದರು.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಕೇಳಿದೆ.
ಬರುವ ನವೆಂಬರಿಗೆ ಅವನಿಗೆ ಮೂವತ್ತನಾಲ್ಕು.
ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೇಳದ ಮಾತು:
“ಬೆಳಿಗ್ಗೆ ಹೋಗುವಾಗ ರಕ್ತಗಿಕ್ತ ಉಂಟಾ ನಿನಗೆ?”
ಅಮ್ಮ ಸಾರಿನ ಸೌಟು ಎತ್ತಿದ ಹಾಗೇ ನಿಂತರು.
ಬಂಗುಡೆಯ ಮುಳ್ಳು ಬಿಡಿಸುತ್ತಿದ್ದವ ನಕ್ಕ.
ನಾನು ನಗಲಿಲ್ಲ.
ಅವನ ಬೆರಳು
ಮುಳ್ಳಿನ ಮೇಲೆ ನಿಂತಿತು.